ಮೂರೂ ಹತ್ತರ ಟ್ಯಾಂಕರ್

ಕೆಲಸದ ಜಾಗದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗಡಿಯಾರ. ಎಂಟು ಗಂಟೆಯ ಪಾಳಿ ಎಂದರೆ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಕುರ್ಚಿಯ ಪಕ್ಕ ಹಾಜರು. ಮೊದಲು ಪೇಟೆಯಲ್ಲಿ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿದ್ದವನು. ಮೂವತ್ತನಾಲ್ಕಕ್ಕೆ ಇಲ್ಲಿ ಸೇರಿದ, ಈಗ ಐವತ್ತನಾಲ್ಕು. ಈ ಇಪ್ಪತ್ತು ವರ್ಷದಲ್ಲಿ ಅವನು ಪಾಳಿ ಪುಸ್ತಕದಲ್ಲಿ ಬರೆದ ಒಂದೇ ಒಂದು ಸಾಲನ್ನೂ ಯಾರೂ ಹೊಡೆದುಹಾಕಿರಲಿಲ್ಲ. ಯಾವುದೋ ದಿನ ಏನಾಯಿತು ಎಂದು ಇಬ್ಬರು ವಿಜ್ಞಾನಿಗಳು ವಾದಕ್ಕಿಳಿದರೆ ಮೂರನೆಯವರು ಪುಸ್ತಕ ತಿರುವಿ, "ಗಡಿಯಾರ ಬರೆದಿದ್ದಾರಲ್ಲ, ಇನ್ನೇನು ಮಾತು" ಎನ್ನುತ್ತಿದ್ದರು. ವಾದ ಅಲ್ಲಿಗೆ ತಣ್ಣಗಾಗುತ್ತಿತ್ತು. ಅವನಿಗೆ ಅದರಲ್ಲಿ ಒಳಗೊಳಗೇ ಹೆಮ್ಮೆ.

ಕೆಲಸದ ಜಾಗ ಎಂದರೆ ಊರಾಚೆಯ ಬಯಲು. ಅಲ್ಲಿ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ಕೊಳವೆಗಳು ಒಂದೇ ಮೂಲೆಯಿಂದ ಹೊರಟು ಒಂದು ಈ ಕಡೆ, ಇನ್ನೊಂದು ಆ ಕಡೆ ಚಾಚಿಕೊಂಡಿದ್ದವು. ಒಳಗೆ ಗಾಳಿಯಿಲ್ಲ, ಲೇಸರ್ ಬೆಳಕು ತುದಿಯ ಕನ್ನಡಿ ಮುಟ್ಟಿ ವಾಪಸ್ಸು ಬರುತ್ತಿರುತ್ತದೆ. ಆಕಾಶದಲ್ಲಿ ಎಲ್ಲೋ ಸತ್ತ ನಕ್ಷತ್ರಗಳೆರಡು ಒಂದನ್ನೊಂದು ಸುತ್ತಿ ಸುತ್ತಿ ಡಿಕ್ಕಿ ಹೊಡೆದರೆ ಆಕಾಶವೇ ಒಮ್ಮೆ ನಡುಗುತ್ತದೆ. ಆ ನಡುಕ ಕೋಟಿಗಟ್ಟಲೆ ವರ್ಷ ಸಾಗಿ ಇಲ್ಲಿಗೆ ಬಂದಾಗ ಕೊಳವೆಗಳ ಉದ್ದ ಅಣುವಿನ ಒಂದು ಚೂರಿಗಿಂತಲೂ ಕಡಿಮೆ ಹಿಗ್ಗಿ ಕುಗ್ಗುತ್ತದೆ. ಅದನ್ನು ಹಿಡಿಯುವ ಯಂತ್ರಕ್ಕೆ ಅಲ್ಲಿನವರು ಇಟ್ಟ ಹೆಸರು ಕಿವಿ. ಇಂಥ ಕಿವಿ ಸಮುದ್ರದಾಚೆ ಇನ್ನೆರಡು ದೇಶಗಳಲ್ಲಿದ್ದವು.

ಕಿವಿ ಅತೀ ಸೂಕ್ಷ್ಮವಾದದ್ದೇ ಅದರ ಕಷ್ಟ. ಲಾರಿ ಹೋದರೂ ಅದಕ್ಕೆ ಕೇಳುತ್ತದೆ, ಯಾರೋ ಬಾಗಿಲು ಬಡಿದರೂ ಕೇಳುತ್ತದೆ. ಆದ್ದರಿಂದ ಏನೋ ಕೇಳಿಸಿತೆಂದು ಗಂಟೆ ಹೊಡೆದಾಗ, ಅದು ಆಕಾಶದ್ದೋ ನಮ್ಮ ಅಂಗಳದ್ದೋ ಎಂದು ಮೊದಲು ಹೇಳಬೇಕಾದವನು ಕುರ್ಚಿಯಲ್ಲಿ ಕೂತ ಆಪರೇಟರ್. ಐದು ನಿಮಿಷದೊಳಗೆ ಪರದೆಗಳನ್ನೆಲ್ಲ ನೋಡಿ, 'ಸರಿ' ಅಥವಾ 'ಸರಿಯಿಲ್ಲ' ಒತ್ತಬೇಕು. ಕುರ್ಚಿ ಬಿಟ್ಟು ಏಳುವುದಾದರೆ ಬದಲಿ ಆಪರೇಟರ್ ಒಬ್ಬರನ್ನು ಕೂರಿಸಿಯೇ ಏಳಬೇಕು. ಈ ನಿಯಮವನ್ನು ಹೊಸಬರಿಗೆ ಹೇಳಿಕೊಡುತ್ತಿದ್ದವನು ಗಡಿಯಾರನೇ.

ಆ ಮಂಗಳವಾರ ಸಂಜೆ ನಾಲ್ಕೂವರೆಗೆ, ಇಪ್ಪತ್ತು ವರ್ಷ ಸೇವೆ ಮುಗಿಸಿದವರ ಫೋಟೋ ತೆಗೆಸುವುದಿತ್ತು. ಗಡಿಯಾರನ ತಲೆ ಎರಡು ವರ್ಷದಲ್ಲಿ ಪೂರ್ತಿ ನರೆತಿತ್ತು. ವಾರದ ಹಿಂದೆ ಮನೆಯಲ್ಲಿ ಕೂದಲಿಗೆ ಬಣ್ಣದ ಮಾತೆತ್ತಿದ್ದಕ್ಕೆ ಹೆಂಡತಿ, "ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ರೀ?" ಎಂದು ಕಿಸಕ್ಕನೆ ನಕ್ಕಿದ್ದಳು. ಅವನೂ ನಕ್ಕು ಸುಮ್ಮನಾಗಿದ್ದ. ಆದರೆ ಬಣ್ಣದ ಪೊಟ್ಟಣ ಅಂಗಡಿಯಿಂದ ನೇರ ಅವನ ಊಟದ ಚೀಲದ ತಳಕ್ಕೆ ಸೇರಿ, ಅಲ್ಲಿಂದ ಕೆಲಸದ ಜಾಗಕ್ಕೆ ಬಂದಿತ್ತು.

ಬದಲಿ ಆಪರೇಟರ್ ಅವತ್ತು ರಜೆ. ಎರಡೂ ಮುಕ್ಕಾಲಿಗೆ ಎಲ್ಲ ಪರದೆಗಳೂ ತಣ್ಣಗಿದ್ದವು. ಹಚ್ಚಿಕೊಳ್ಳುವುದಕ್ಕೆ ಐದು ನಿಮಿಷ, ಆಮೇಲೆ ಬಂದು ಕೂತರಾಯಿತು ಅಂದುಕೊಂಡು ಗಡಿಯಾರ ಎದ್ದ. ಬಾತ್‌ರೂಮಿನ ಕನ್ನಡಿಯ ಮುಂದೆ ಹಚ್ಚಿಕೊಂಡ ಮೇಲೆ ನೋಡಿದರೆ ಹಣೆ, ಕಿವಿ, ಕುತ್ತಿಗೆಯೆಲ್ಲ ಕಪ್ಪು. ಆ ಅವತಾರದಲ್ಲಿ ಹೊರಗೆ ಕಾಲಿಡುವುದು ಹೇಗೆ? ಕಾರಿಡಾರಿನಲ್ಲಿ ಯಾರಾದರೂ ಎದುರಾದರೆ ವರ್ಷಗಟ್ಟಲೆ ನಗುತ್ತಾರೆ. ಅರ್ಧ ಗಂಟೆ ಬಿಡಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು. ಒಳಗಿನಿಂದ ಚಿಲಕ ಹಾಕಿ, ತಲೆಕೆಳಗು ಮಾಡಿಟ್ಟ ಬಕೆಟ್ಟಿನ ಮೇಲೆ ಕೂತುಬಿಟ್ಟ.

ಮೂರೂ ಹತ್ತಕ್ಕೆ ಗಂಟೆ ಹೊಡೆಯಿತು.

ಅವನು ಧಡಕ್ಕನೆ ಎದ್ದ. ನಲ್ಲಿ ತಿರುಗಿಸಿ ತಲೆ ಕೊಟ್ಟ. ನೀರು ಕಪ್ಪಗೆ ಇಳಿಯುತ್ತಲೇ ಇತ್ತು. ದೂರದಲ್ಲಿ ಫೋನು ಹೊಡೆದುಕೊಂಡು ನಿಂತಿತು, ಮತ್ತೆ ಹೊಡೆದುಕೊಂಡಿತು. ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಓಡಿ ಬಂದಾಗ ಮೂರೂ ಹತ್ತೊಂಬತ್ತು. ಮೂರನೆಯ ಸಲದ ಫೋನು ಎತ್ತಿದ.

ಮಾತಾಡಿದ್ದು ಪಟ್ಟಣದ ಆಫೀಸಿನಲ್ಲಿದ್ದ ಮೇಡಂ. ಮೂರೂ ಕಿವಿಗಳ ಲೆಕ್ಕಾಚಾರ ನೋಡುವ ವಿಜ್ಞಾನಿ ಆಕೆ. ಗಡಿಯಾರನಿಗಿಂತ ಹದಿನೈದು ವರ್ಷ ಚಿಕ್ಕವಳು.

"ಎಲ್ಲಿ ಹೋಗಿದ್ರಿ? ಎರಡು ಸಲ ಮಾಡ್ದೆ."

ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತು. ಬಾತ್‌ರೂಮಿಗೆ ಹೋಗಿದ್ದೆ ಅಂದಿದ್ದರೂ ಸಾಕಿತ್ತು. ಆದರೆ ಒಂಬತ್ತು ನಿಮಿಷವೇ, ಕೂರಿಸಿದ್ದು ಯಾರನ್ನು ಎಂಬ ಪ್ರಶ್ನೆಗಳು ಅವನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಹಿಂದಿನ ರಸ್ತೇಲಿ ಏನೋ ಸದ್ದಾಯ್ತು ಮೇಡಂ. ನೋಡೋಣ ಅಂತ ಹೊರಗೆ ಹೋದೆ. ನೀರಿನ ಟ್ಯಾಂಕರ್."

"ಯಾವಾಗ?"

"ಈಗ್ಲೇ. ಮೂರೂ ಹತ್ತಿರಬೇಕು."

"ನೀವೇ ನೋಡಿದ್ರಾ?"

"ಕಣ್ಣಾರೆ ನೋಡ್ದೆ."

"ಅಯ್ಯೋ," ಎಂದಳು ಮೇಡಂ. ದನಿ ಪೂರ್ತಿ ಇಳಿದುಹೋಗಿತ್ತು. "ಮೂರೂ ಕಡೆ ಕೇಳಿದೆ ಅಂತ ಎಷ್ಟು ಖುಷಿಪಟ್ಟಿದ್ದೆ. ಟ್ಯಾಂಕರ್ ಆ ಹೊತ್ತಿಗೇ ಹೋಗಿದ್ರೆ ನಮ್ಮದನ್ನ ನಂಬೋ ಹಾಗಿಲ್ಲ. 'ಸರಿಯಿಲ್ಲ' ಒತ್ತಿಬಿಡಿ."

ತಾನು ಕುರ್ಚಿ ಬಿಟ್ಟಿದ್ದಕ್ಕೆ ಒಂದು ನೆಪ ಹೇಳಿದ್ದು ಇಲ್ಲಿಗೆ ಬಂದು ಮುಟ್ಟುತ್ತದೆಂದು ಅವನಿಗೆ ಹೊಳೆದದ್ದೇ ಆಗ. ಬಾಯಿ ತೆರೆದ. ಕೂದಲಿಂದ ಒಂದು ಕಪ್ಪು ಹನಿ ಪಾಳಿ ಪುಸ್ತಕದ ಅಂಚಿಗೆ ಬಿತ್ತು. ಅದನ್ನು ಬೆರಳಲ್ಲಿ ಒರೆಸಿ, 'ಸರಿಯಿಲ್ಲ' ಒತ್ತಿದ. ಪುಸ್ತಕದಲ್ಲಿ ಬರೆದ: ಮೂರೂ ಹತ್ತು, ಹಿಂದಿನ ರಸ್ತೆ, ನೀರಿನ ಟ್ಯಾಂಕರ್. ಕೈಬರಹ ಎಂದಿನ ಹಾಗೆ ದುಂಡಗಿತ್ತು. ನಾಲ್ಕೂವರೆಗೆ ಫೋಟೋದಲ್ಲಿ ಎರಡನೇ ಸಾಲಿನಲ್ಲಿ ನಿಂತ. "ಏನ್ ಗಡಿಯಾರ, ಹತ್ತು ವರ್ಷ ಹಿಂದಕ್ಕೆ ತಿರುಗಿಸ್ಬಿಟ್ರಲ್ಲ," ಎಂದು ಯಾರೋ ಅಂದಾಗ ನಗಲು ನೋಡಿದ, ಆಗಲಿಲ್ಲ.

ಮರುದಿನ ಕ್ಯಾಂಟೀನಿನಲ್ಲಿ ಎಲ್ಲರದೂ ಅದೇ ಮಾತು. ಸಮುದ್ರದಾಚೆಯ ಎರಡು ಕಿವಿಗಳಿಗೆ ಕೇಳಿಸಿದ್ದು ಸುಳ್ಳಲ್ಲ. ಅದಾದ ಎರಡೇ ಸೆಕೆಂಡಿಗೆ ಮೇಲೆ ಸುತ್ತುವ ಉಪಗ್ರಹವೊಂದು ಗ್ಯಾಮಾ ಕಿರಣಗಳ ಒಂದು ಮಿಂಚನ್ನೂ ಹಿಡಿದಿತ್ತು. ಡಿಕ್ಕಿ ನಿಜವಾಗಿಯೂ ನಡೆದಿದೆ; ಎಲ್ಲಿ ಎಂಬುದು ಮಾತ್ರ ತಿಳಿಯದು. ಉಪಗ್ರಹ ತೋರಿಸಿದ್ದು ಅರ್ಧ ಆಕಾಶ, ಎರಡು ಕಿವಿ ಸೇರಿ ಹೇಳಿದ್ದು ಆಕಾಶದ ಉದ್ದಕ್ಕೂ ಬಿದ್ದ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಸಾವಿರಾರು ನಕ್ಷತ್ರಲೋಕಗಳು. ದೇಶದೇಶಗಳ ದೂರದರ್ಶಕಗಳು ಒಂದೊಂದನ್ನೇ ತಡಕುತ್ತಿದ್ದವು.

ಶುಕ್ರವಾರ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. ಅವಳು ಹೊಲಿಗೆಯವಳು, ಅಕ್ಕಪಕ್ಕದವರ ಬಾಯಿಂದ ಏನೇನೋ ಕಿವಿಗೆ ಬಿದ್ದಿತ್ತು.

"ಅದೇನು ರೀ, ನಿಮ್ಮಲ್ಲಿ ಏನೋ ದೊಡ್ಡದು ತಪ್ಪಿಹೋಯ್ತಂತೆ? ಎರಡು ಕಡೆ ಕೇಳಿದ್ಮೇಲೆ ಮೂರನೇದು ಯಾಕೆ ಬೇಕು?"

ಬೇರೆ ದಿನವಾದರೆ ಅವನು ಉತ್ಸಾಹದಿಂದ ಹೇಳುತ್ತಿದ್ದ. ಈಗಲೂ ಹೇಳಲೇಬೇಕಾಯಿತು. "ಕತ್ತಲಲ್ಲಿ ಎಲ್ಲೋ ಪಟಾಕಿ ಹೊಡೀತು ಅಂದ್ಕೋ. ಮೂರು ಮನೆಯವರಿಗೆ ಕೇಳ್ತು. ಒಬ್ಬರಿಗೆ ಮೊದಲು, ಒಬ್ಬರಿಗೆ ಒಂಚೂರು ಆಮೇಲೆ, ಇನ್ನೊಬ್ಬರಿಗೆ ಇನ್ನೂ ಆಮೇಲೆ. ಯಾರಿಗೆ ಯಾವಾಗ ಕೇಳ್ತು ಅಂತ ಮೂರೂ ಜನ ಸರಿಯಾಗಿ ಹೇಳಿದ್ರೆ, ಸದ್ದು ಯಾವ ಕಡೆಯದು ಅಂತ ಬೆರಳಿಟ್ಟು ತೋರಿಸ್ಬಹುದು. ಇಬ್ಬರೇ ಹೇಳಿದ್ರೆ ಆಗಲ್ಲ."

"ಆಮೇಲೆ?"

"ಆಮೇಲೆ ಆ ಕಡೆ ದೂರದರ್ಶಕ ತಿರುಗಿಸಿ ಬೆಳಕು ನೋಡ್ತಾರೆ. ನಡುಕ ನೋಡಿದ್ರೆ ನಕ್ಷತ್ರ ಎಷ್ಟು ಭಾರ ಇತ್ತು ಅಂತ ತಿಳಿಯುತ್ತೆ. ಮಿಂಚು ನೋಡಿದ್ರೆ ಡಿಕ್ಕಿ ಹೊಡೆದ ಮೇಲೆ ಏನು ಚಿಮ್ಮಿತು ಅಂತ. ಬೆಳಕಿನ ಬಣ್ಣ ನೋಡಿದ್ರೆ ಅಲ್ಲಿ ಚಿನ್ನ ಹುಟ್ಟಿತಾ, ಏನು ಹುಟ್ಟಿತು ಅಂತ. ಒಂದೊಂದೇ ಆದ್ರೆ ಕುಂಟು. ಎಲ್ಲಾ ಸೇರಿದ್ರೇನೇ ಕಥೆ ಪೂರ್ತಿ ಆಗೋದು. ಆದ್ರೆ ಆ ಬೆಳಕು ಕಾಯಲ್ಲ. ಮೊದಲೆರಡು ದಿನ ನೀಲಿ, ಆಮೇಲೆ ಕೆಂಪಗಾಗಿ ಆರಿಹೋಗುತ್ತೆ."

"ಮೂರನೇ ಮನೆಯವರು ಏನಂದ್ರು ಹಾಗಾದ್ರೆ?"

ಗಡಿಯಾರ ಕಲಸಿದ ಅನ್ನವನ್ನೇ ಮತ್ತೆ ಕಲಸಿದ. "ಅವರಿಗೆ ಆ ಹೊತ್ತಲ್ಲಿ ಟ್ಯಾಂಕರ್ ಸದ್ದು ಅಡ್ಡ ಬಂತಂತೆ."

"ಎಂಥ ಗ್ರಹಚಾರ," ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು.

ಶನಿವಾರ ಪಾಳಿ ಮುಗಿಸಿ ಗೇಟಿನ ಹೊರಗಿನ ಸೈಕಲ್ ಸ್ಟ್ಯಾಂಡಿಗೆ ಬಂದರೆ, ಅಲ್ಲಿಗೆ ದಿನಾ ನೀರು ತರುತ್ತಿದ್ದ ಟ್ಯಾಂಕರ್ ಡ್ರೈವರ್ ಕಾಯುತ್ತಿದ್ದ. ಬುಧವಾರದಿಂದಲೇ ಸೆಕ್ಯೂರಿಟಿಯವರು ಅವನನ್ನು ಗೇಟಿನೊಳಕ್ಕೆ ಬಿಡುತ್ತಿರಲಿಲ್ಲ. ಕೊಳವೆಯ ಪಕ್ಕದ ಆ ಹಿಂದಿನ ರಸ್ತೆಯಲ್ಲಿ ಭಾರದ ಗಾಡಿ ಹೋಗುವಂತಿಲ್ಲ. ಹಿಂದೊಮ್ಮೆ ಅವಸರಕ್ಕೆ ಆ ದಾರಿ ಹಿಡಿದು ಅವನು ಬೈಸಿಕೊಂಡಿದ್ದ. ಹಾಗಾಗಿ ಈಗ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಣ್ಣ, ಸ್ವಲ್ಪ ನೆನಪು ಮಾಡ್ಕೊಳ್ಳಿ," ಎಂದ ಡ್ರೈವರ್. ಕೋಪದ ಸುಳಿವೂ ಇರಲಿಲ್ಲ. "ಮಂಗಳವಾರ ನನ್ ಗಾಡಿ ಗ್ಯಾರೇಜಲ್ಲಿತ್ತು. ಬೆಳಿಗ್ಗೆಯಿಂದ ಸಂಜೆವರೆಗೂ. ಹೇಳಿದ್ರೆ, ಗಡಿಯಾರ ಸುಳ್ಳು ಬರೀತಾರಾ ಅಂತ ನನ್ನನ್ನೇ ಕೇಳ್ತಾರೆ. ನೀವು ಸುಳ್ಳು ಬರೀತೀರಾ ಅಂತ ನಾನೂ ಹೇಳ್ತಿಲ್ಲ ಅಣ್ಣ. ಬೇರೆ ಯಾವುದೋ ಗಾಡಿ ಇರ್ಬೇಕು. ದೂರದಿಂದ ನೋಡಿದ್ರೆ ಎಲ್ಲಾ ಒಂದೇ ಥರ ಕಾಣುತ್ತೆ. ಹಾಗಂತ ಒಂದು ಮಾತು ಹೇಳ್ಬಿಡಿ, ಸಾಕು."

ಬೈದಿದ್ದರೆ ಚೆನ್ನಾಗಿತ್ತು. ಈ ಮನುಷ್ಯ ತಾನೇ ಮುಂದೆ ನಿಂತು ಅವನ ಮಾನ ಕಾಯುತ್ತಿದ್ದ. ಗಡಿಯಾರ ಸೈಕಲ್ಲಿನ ಬೀಗ ತೆಗೆದ. "ನೋಡೋಣ, ಸೋಮವಾರ ಮಾತಾಡ್ತೀನಿ," ಎಂದು ಸೈಕಲ್ ಏರಿದ. ಹಿಂದಿನಿಂದ ಡ್ರೈವರ್, "ಉಪಕಾರ ಆಯ್ತು ಅಣ್ಣ," ಅಂದದ್ದು ಮನೆ ಮುಟ್ಟುವವರೆಗೂ ಬೆನ್ನಿಗೆ ಚುಚ್ಚುತ್ತಿತ್ತು.

ಭಾನುವಾರವೆಲ್ಲ ಡ್ರೈವರ್ ತೋರಿಸಿದ ದಾರಿಯನ್ನೇ ತಲೆಯಲ್ಲಿ ತಿರುವಿಹಾಕಿದ. ಬೇರೆ ಗಾಡಿ ಅಂದುಬಿಟ್ಟರೆ ಈ ಬಡಪಾಯಿಯ ಕೆಲಸ ಉಳಿಯುತ್ತದೆ, ತನ್ನ ಮಾನವೂ ಉಳಿಯುತ್ತದೆ. ಹೇಗೆ ಹೇಳಬೇಕೆಂದು ವಾಕ್ಯವನ್ನೂ ಕಟ್ಟಿದ: 'ಕಣ್ಣಿಗೆ ಬಿಸಿಲು ಹೊಡೀತಿತ್ತು ಮೇಡಂ, ಬಣ್ಣ ಸರಿಯಾಗಿ ಕಾಣಿಸಲಿಲ್ಲ.' ಕಟ್ಟಿದ ಮೇಲೆ ಅದು ಎಷ್ಟು ಸಲೀಸಾಗಿ ಬಂತೆಂದು ನೋಡಿ ಅವನಿಗೇ ಹೇಸಿಗೆಯಾಯಿತು. ಇಪ್ಪತ್ತು ವರ್ಷ ಒಂದೂ ಸುಳ್ಳು ಬರೆಯದೆ ಇದ್ದದ್ದು ಗುಣವಲ್ಲ, ಬರೆಯಬೇಕಾದ ಸಂದರ್ಭ ಬಂದಿರಲಿಲ್ಲ ಅಷ್ಟೆ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಬಸ್ಸು ಹಿಡಿದು ಪಟ್ಟಣದ ಆಫೀಸಿಗೇ ಹೋದ. ಮೇಡಂ ಮೇಜಿನ ಮೇಲೆ ಮೂರು ಹಾಳೆ ಬಿಡಿಬಿಡಿಯಾಗಿ ಹರಡಿದ್ದವು. ಒಂದು, ನೆಲದ ಅದುರು ಅಳೆಯುವ ಯಂತ್ರದ್ದು. ಒಂದು, ರಸ್ತೆ ಪಕ್ಕದ ಮೈಕಿನದು. ಮೂರನೆಯದು ಕೊಳೆಯಾದ ಗ್ಯಾರೇಜಿನ ಚೀಟಿ. ಟ್ಯಾಂಕರ್ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಅದರಲ್ಲಿತ್ತು.

"ಬನ್ನಿ, ನಾನೇ ಫೋನ್ ಮಾಡೋಳಿದ್ದೆ," ಎಂದಳು. "ಕೂತ್ಕೊಳ್ಳಿ."

ಅವನು ಕೂರಲಿಲ್ಲ. "ಟ್ಯಾಂಕರ್ ಬಂದಿರ್ಲಿಲ್ಲ ಮೇಡಂ. ಯಾವ ಗಾಡೀನೂ ಬಂದಿರ್ಲಿಲ್ಲ. ನಾನು ಕುರ್ಚೀಲೇ ಇರ್ಲಿಲ್ಲ. ಬಾತ್‌ರೂಮಲ್ಲಿದ್ದೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ಇನ್ನು ಅರ್ಧ ಮುಚ್ಚಿಡುವುದು ಬೇಡವೆಂದು ನೆಲ ನೋಡುತ್ತ ಹೇಳಿದ, "ತಲೆಗೆ ಬಣ್ಣ ಹಚ್ಕೊಂಡು ಕೂತಿದ್ದೆ. ಫೋಟೋ ಇತ್ತಲ್ಲ, ಅದಕ್ಕೆ."

ಮೇಡಂ ಆ ಮೂರು ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ನಗಲಿಲ್ಲ.

"ನೆಲದ ಯಂತ್ರ ಅದುರಿಲ್ಲ ಅಂತು," ಎಂದಳು. "ಅದು ಹೋದ ತಿಂಗಳು ಕೆಟ್ಟಿತ್ತಲ್ಲ, ಸುಳ್ಳು ಹೇಳ್ತಿದೆ ಅಂದ್ಕೊಂಡೆ. ಮೈಕ್ ಸದ್ದಿಲ್ಲ ಅಂತು. ಗಾಳಿ ಆ ಕಡೆ ಬೀಸಿರ್ಬೇಕು ಅಂದ್ಕೊಂಡೆ. ಡ್ರೈವರ್ ಇಲ್ಲ ಅಂದ, ಹೆದರಿದಾನೆ ಅಂದ್ಕೊಂಡೆ. ಮೂರೂ ಒಂದೇ ಮಾತು ಹೇಳ್ತಿದ್ವು. ನೀವೊಬ್ಬರು ಬೇರೆ ಹೇಳಿದ್ರಿ. ನಿಮ್ಮನ್ನ ನಂಬಿ ಆರು ದಿನ ಆ ಮೂರನ್ನೂ ಅನುಮಾನಿಸ್ತಾ ಕೂತೆ. ನನ್ನ ಕಸುಬೇ ಇದು, ಬೇರೆ ಬೇರೆ ಸಾಕ್ಷಿ ತೂಗಿ ನೋಡೋದು. ಇಲ್ಲಿ ತೂಗಲೇ ಇಲ್ಲ."

ಭೂಮಿ ಬಾಯಿ ಬಿಟ್ಟಿದ್ದರೆ ಗಡಿಯಾರ ಇಳಿದುಬಿಡುತ್ತಿದ್ದ. ಮೇಡಂ ಒಂದು ಬಿಳಿ ಹಾಳೆ ಮುಂದಕ್ಕೆ ತಳ್ಳಿದಳು. "ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿ. ಬೇಗ. ನಮ್ಮ ಕಿವಿ ಹೇಳಿದ್ದನ್ನ ವಾಪಸ್ ಸೇರಿಸ್ಬೇಕು."

ಅವನು ಬರೆಯುವಷ್ಟರಲ್ಲಿ ಆಕೆ ಫೋನಿನಲ್ಲಿ ಯಾರು ಯಾರಿಗೋ ಹೇಳುತ್ತಿದ್ದಳು. ಮೂರನೆಯ ಕಿವಿಗೆ ಕೇಳಿಸಿದ ಹೊತ್ತನ್ನು ಸೇರಿಸಿದ್ದೇ ತಡ, ಆಕಾಶದ ಉದ್ದದ ಪಟ್ಟಿ ಕುಗ್ಗಿ ಒಂದು ಸಣ್ಣ ತುಣುಕಾಯಿತು. ಸಾವಿರಾರು ನಕ್ಷತ್ರಲೋಕಗಳಿದ್ದಲ್ಲಿ ಈಗ ನಲವತ್ತೊಂದು. ಅವತ್ತೇ ದೂರದ ಬೆಟ್ಟದ ಮೇಲಿನ ದೂರದರ್ಶಕವೊಂದು ಹದಿನೇಳನೆಯದರ ಪಕ್ಕದಲ್ಲಿ, ಹಳೆಯ ಚಿತ್ರದಲ್ಲಿಲ್ಲದ ಒಂದು ಮಬ್ಬು ಕೆಂಪು ಚುಕ್ಕೆಯನ್ನು ಕಂಡಿತು. ಆರಿಹೋಗುವುದರಲ್ಲಿತ್ತು. ಇನ್ನೆರಡು ಕಡೆಯವರು ನೋಡಿ ಹೌದೆಂದರು. ಬೇರೆ ಯಾವುದೋ ಕೆಲಸಕ್ಕೆಂದು ಮೂರನೆಯ ದಿನ ಅದೇ ಜಾಗದ ಚಿತ್ರ ತೆಗೆದಿದ್ದವರು ಆಮೇಲೆ ತಮ್ಮ ಚಿತ್ರ ಹುಡುಕಿ ಕಳಿಸಿದರು. ಅದರಲ್ಲೂ ಆ ಚುಕ್ಕೆಯಿತ್ತು. ಮೊದಲೆರಡು ದಿನದ ನೀಲಿ ಬೆಳಕನ್ನು ಮಾತ್ರ ಯಾರೂ ನೋಡಿರಲಿಲ್ಲ. ಅದು ಮತ್ತೆ ಬರುವುದೂ ಇಲ್ಲ.

ಗಡಿಯಾರನನ್ನು ಕೆಲಸದಿಂದ ತೆಗೆಯಲಿಲ್ಲ. ಆರು ತಿಂಗಳು ಕುರ್ಚಿಯಿಂದ ದೂರವಿಟ್ಟು ಉಗ್ರಾಣಕ್ಕೆ ಹಾಕಿದರು. ಪಾಳಿ ಪುಸ್ತಕದ ಆ ಸಾಲಿನ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ಅವನ ಕೈಯಿಂದಲೇ 'ಸುಳ್ಳು' ಎಂದು ಬರೆಸಿದರು. ಬಣ್ಣದ ಸಂಗತಿ ಮೇಡಂ ಬಾಯಿಂದ ಹೊರಬೀಳಲಿಲ್ಲ, ಆದರೂ ಹೇಗೋ ಕ್ಯಾಂಟೀನಿಗೆ ಬಂತು. ಅವನು ಒಳಗೆ ಬಂದಾಗ ನಗು ತಟ್ಟನೆ ನಿಲ್ಲುತ್ತಿತ್ತು. ಊಟದ ಡಬ್ಬಿಯನ್ನು ಉಗ್ರಾಣದಲ್ಲೇ ಬಿಚ್ಚುವುದು ರೂಢಿಯಾಯಿತು. ಅದೇ ವಾರ ಗುರುವಾರದಿಂದ ಡ್ರೈವರನ್ನು ಮತ್ತೆ ಒಳಗೆ ಬಿಟ್ಟರೆಂದು ತಿಳಿಯಿತು. ಟ್ಯಾಂಕರ್ ಬರುವ ಸದ್ದಾದರೆ ಗಡಿಯಾರ ಕಪಾಟುಗಳ ಹಿಂದಕ್ಕೆ ಸರಿದು ಮೊಳೆ, ಬೋಲ್ಟು ಜೋಡಿಸುತ್ತ ನಿಲ್ಲುತ್ತಿದ್ದ.

ಮನೆಯಲ್ಲಿ ಅವನು ಏನೂ ಹೇಳಿರಲಿಲ್ಲ. ಉಗ್ರಾಣಕ್ಕೆ ಹಾಕಿದ್ದು ಅನ್ಯಾಯವೆಂದು ಹೆಂಡತಿ ತಿಳಿದಿದ್ದಳು. ಬೀದಿಯಲ್ಲಿ ಸಿಕ್ಕವರ ಹತ್ತಿರವೆಲ್ಲ, "ಇಪ್ಪತ್ತು ವರ್ಷ ದುಡಿದವರಿಗೆ ಕೊಡೋ ಮರ್ಯಾದೆನಾ ಇದು?" ಎನ್ನುತ್ತಿದ್ದಳು. ಅವಳು ಪರ ವಹಿಸಿದಷ್ಟೂ ಅವನು ಕುಗ್ಗುತ್ತಿದ್ದ.

ಮೂರು ತಿಂಗಳ ಮೇಲೆ ವಿಜ್ಞಾನಿಗಳ ಲೇಖನ ಅಚ್ಚಾಗಿ ಬಂತು. ಮೇಡಂ ಒಂದು ಪ್ರತಿಯನ್ನು ಅವನಿಗೂ ಕಳಿಸಿದಳು. ಅದರಲ್ಲಿ ಬೆಳಕು ದಿನದಿನಕ್ಕೆ ಹೇಗೆ ಕುಂದಿತೆಂಬ ಗೆರೆಚಿತ್ರವಿತ್ತು. ಎಡಗಡೆ, ಮೂರನೆಯ ದಿನದ ಒಂದು ಚುಕ್ಕೆ ಬಿಟ್ಟರೆ ಖಾಲಿ. ಕೆಳಗೆ ಒಂದೇ ಸಾಲು: ಆಪರೇಟರ್ ಕೊಟ್ಟ ತಪ್ಪು ವರದಿಯಿಂದ ಮೂರನೆಯ ಕೇಂದ್ರದ ಮಾಹಿತಿ ಆರು ದಿನ ತಡವಾಯಿತು.

ಹೆಂಡತಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಅವನು ಹೋಗಿ ಆ ಪುಟವನ್ನು ಅವಳ ಮುಂದಿಟ್ಟ. "ಈ ಖಾಲಿ ಜಾಗ ಇದೆಯಲ್ಲ, ಇದು ನಾನು ಮಾಡಿದ್ದು ಕಣೇ," ಎಂದು ಶುರುಮಾಡಿ, ಪೊಟ್ಟಣ ಬಚ್ಚಿಟ್ಟಲ್ಲಿಂದ ಕೊನೆಯವರೆಗೆ ಹೇಳಿದ. ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ಬೀದಿಯವರ ಮುಂದೆಲ್ಲ ತಾನು ಆಡಿದ ಮಾತುಗಳು ಅವಳಿಗೆ ನೆನಪಾಗುತ್ತಿವೆಯೆಂದು ಅವನಿಗೆ ಗೊತ್ತಾಗುತ್ತಿತ್ತು.

"ಆ ಟ್ಯಾಂಕರಿನವರ ಮನೆಗೆ ಹೋಗಿದ್ರಾ?" ಎಂದಳು.

"ಇಲ್ಲ. ಅವರನ್ನ ವಾಪಸ್ ತಗೊಂಡ್ರಲ್ಲ."

"ತಗೊಂಡಿದ್ದು ಮೇಡಂ. ನೀವೇನು ಮಾಡಿದ್ರಿ?" ಅವಳು ಎದ್ದು ಚಪ್ಪಲಿ ಮೆಟ್ಟಿದಳು. "ನಡೀರಿ."

ಡ್ರೈವರನ ಮನೆ ಸಾಲುಮನೆಗಳ ಕೊನೆಯದು. ಟ್ಯಾಂಕರ್ ಹೊರಗೆ ನಿಂತಿತ್ತು. ಇವರನ್ನು ನೋಡಿ ಡ್ರೈವರ್ ಒಂದು ಗಳಿಗೆ ಬಾಗಿಲಲ್ಲೇ ನಿಂತ, ಆಮೇಲೆ ಪಕ್ಕಕ್ಕೆ ಸರಿದ. ಈ ಸಲ ಅಣ್ಣ ಅನ್ನಲಿಲ್ಲ. ಗಡಿಯಾರ ನಿಂತಲ್ಲೇ ಕೈ ಜೋಡಿಸಿ, "ತಪ್ಪು ನಂದು. ನಿಮ್ಮ ಮೇಲೆ ಹಾಕ್ದೆ. ಆಮೇಲೂ ಬಂದು ಹೇಳ್ಲಿಲ್ಲ, ತಪ್ಪಿಸ್ಕೊಂಡು ತಿರುಗ್ದೆ," ಎಂದ.

ಡ್ರೈವರ್ ಗೋಡೆ ನೋಡುತ್ತ ಹೇಳಿದ, "ಎಂಟು ದಿನ ಮನೇಲಿದ್ದೆ. ದಿನಾ ನನ್ ಮಗಳು ಕೇಳೋಳು, 'ಅಪ್ಪ, ನಿಜ ಹೇಳು, ನೀನು ಆ ರಸ್ತೇಲಿ ಹೋಗ್ಲಿಲ್ವಾ?' ಅಂತ. ಇಲ್ಲ ಅಂತಿದ್ದೆ. ನಂಬಿದ್ಲೋ ಬಿಟ್ಲೋ. ನನಗೆ ಹೇಳಿದ್ದಾಯ್ತು. ಅವಳಿಗೂ ನೀವೇ ಹೇಳಿ."

ಹನ್ನೊಂದರ ಹುಡುಗಿ, ಒಳಗಿನ ಕೋಣೆಯಿಂದ ಪೆನ್ಸಿಲ್ ಹಿಡಿದುಕೊಂಡೇ ಬಂದಳು. ಗಡಿಯಾರ ಅವಳ ಎತ್ತರಕ್ಕೆ ಬಗ್ಗಿದ. "ನಿಮ್ಮಪ್ಪ ಹೇಳಿದ್ದೇ ನಿಜ ಮಗು. ಅವತ್ತು ಯಾವ ಗಾಡೀನೂ ಬರ್ಲಿಲ್ಲ. ನಾನು ಕೂರಬೇಕಾದ ಕಡೆ ಕೂರದೆ ತಲೆಗೆ ಬಣ್ಣ ಹಚ್ಕೊಂಡಿದ್ದೆ. ಅದನ್ನ ಹೇಳೋಕೆ ನಾಚಿಕೆಯಾಗಿ ನಿಮ್ಮಪ್ಪನ ಮೇಲೆ ಸುಳ್ಳು ಹೇಳ್ದೆ."

ಹುಡುಗಿ ಅವನ ತಲೆ ನೋಡಿದಳು, ಅಪ್ಪನ ಮುಖ ನೋಡಿದಳು.

"ಬಣ್ಣ ಹಚ್ಕೊಂಡಿದ್ದೆ ಅಂತ ಹೇಳಿದ್ರೆ ನಿಮಗೆ ಹೊಡೀತಿದ್ರಾ?"

"ಇಲ್ಲಮ್ಮ."

"ಕೆಲಸದಿಂದ ತೆಗೀತಿದ್ರಾ?"

"ಇಲ್ಲ. ಸ್ವಲ್ಪ ಬೈತಿದ್ರು. ಆಮೇಲೆ ನಗ್ತಿದ್ರು."

"ಅಷ್ಟೇನಾ?"

"ಅಷ್ಟೇ," ಎಂದ ಗಡಿಯಾರ.

ಅವಳು ಪೆನ್ಸಿಲ್ ತಿರುಗಿಸುತ್ತ ಒಳಗೆ ಹೋದಳು. ಡ್ರೈವರನ ಹೆಂಡತಿ ಎರಡು ಲೋಟ ನೀರು ತಂದಿಟ್ಟಳು. ಗಡಿಯಾರ ಕುಡಿದು ಲೋಟ ಕೆಳಗಿಟ್ಟ. ಡ್ರೈವರ್ ಕೂರಿ ಅನ್ನಲೂ ಇಲ್ಲ, ಹೋಗಿ ಅನ್ನಲೂ ಇಲ್ಲ. ಗಂಡ ಹೆಂಡತಿ ನಡೆದುಕೊಂಡು ಮನೆಗೆ ಬಂದರು.